ವಸ್ತಿ ವಿಮಾನ

ಫಾರಿನ್ನಿಗೆ ಹೋಗಿ ಬಂದವಳು ಎಂದು ಕುಷ್ಟಗಿಯ ನಮ್ಮ ಓಣಿಯಲ್ಲಿ ಈಗ ನನಗೊಂದು ಗತ್ತು. ಹಿಮದ ಬೆಟ್ಟ ಹೇಗಿತ್ತು, ಅಲ್ಲಿಯ ಹೆಂಗಸರು ಏನು ಉಡುತ್ತಾರೆ, ಉಣ್ಣಲಿಕ್ಕೆ ಅನ್ನ ಸಿಕ್ಕಿತೋ ಇಲ್ಲವೋ, ಎಲ್ಲವನ್ನೂ ಕೇಳುತ್ತಾರೆ. ನಾನೂ ಒಂದಕ್ಕೆರಡು ಸೇರಿಸಿ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಹಿಮದ ಬೆಟ್ಟ ನನ್ನ ತಲೆಯಲ್ಲಿ ಉಳಿದೇ ಇಲ್ಲ. ಉಳಿದಿರುವುದು ಬರುವಾಗ ವಿಮಾನ ಬದಲಿಸುವ ಊರಿನಲ್ಲಿ ಕಳೆದ ಒಂದು ರಾತ್ರಿ. ಅದನ್ನು ಯಾರೂ ಕೇಳುವುದಿಲ್ಲ. ಏರ್‌ಪೋರ್ಟಿನಲ್ಲಿ ಕೂತು ಬೆಳಗು ಮಾಡಿದ್ದರಲ್ಲಿ ಕೇಳುವುದಾದರೂ ಏನಿದೆ?

ನಮ್ಮದು ಗೊಬ್ಬರ, ಬೀಜದ ಅಂಗಡಿ. ಹಂಗಾಮಿನಲ್ಲಿ ಮಾಲು ಚೆನ್ನಾಗಿ ಮಾರಿದ ಅಂಗಡಿಯವರನ್ನು ಕಂಪನಿಯವರು ಗಂಡ ಹೆಂಡತಿ ಜೋಡಿಯಾಗಿ ವಿದೇಶಕ್ಕೆ ಕರೆದೊಯ್ಯುವುದುಂಟು. ಹಿಂದೆ ಎರಡು ಸಲ ನಮ್ಮ ಮನೆಯವರು ಒಬ್ಬರೇ ಹೋಗಿ ಬಂದಿದ್ದರು. ಜೋಡಿ ಎಂಬ ಮಾತು ಅವರ ಕಿವಿಗೆ ಬಿದ್ದಿರಲಿಲ್ಲವಂತೆ. ಈ ಸಲ ಕೊಪ್ಪಳ, ಗಂಗಾವತಿ, ಯಲಬುರ್ಗಾದ ಅಂಗಡಿಯವರೆಲ್ಲ ಹೆಂಡಿರ ಸಮೇತ ಹೊರಟಿದ್ದರಿಂದ ನನ್ನನ್ನು ಬಿಟ್ಟು ಹೋಗಲು ಅವರಿಗೆ ಮುಖ ಉಳಿಯಲಿಲ್ಲ. ನಾನು ಹೊರಟದ್ದು ಮಾತ್ರ ಹಿಮ ನೋಡಲಿಕ್ಕಲ್ಲ. ವಾಪಸು ಬರುವಾಗ ಒಂದು ರಾತ್ರಿ ನಿಲ್ಲಬೇಕಾಗಿದ್ದ ಊರು ನನ್ನ ತಮ್ಮ ಇರುವ ಊರು.

ತಮ್ಮ ಇರುವುದು ಕೊಲ್ಲಿಯ ಕಡೆ. ಅದು ದುಬೈ ಅಲ್ಲ, ಆದರೆ ನಮ್ಮ ಜನಕ್ಕೆ ಅತ್ತ ಕಡೆಯ ಊರೆಲ್ಲ ದುಬೈಯೇ. ಕೂಲಿಯವರನ್ನು ಕೆಲಸದ ಜಾಗಕ್ಕೆ ಒಯ್ದು ತರುವ ಬಸ್ಸು ಓಡಿಸುತ್ತಾನೆ. ಹನುಮಸಾಗರದ ಹತ್ತಿರದ ನಮ್ಮ ತವರೂರಿನಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದವನು ಅಲ್ಲಿಗೆ ಹೋಗಿ ಐದು ವರ್ಷವಾಯಿತು. ನಡುವೆ ಒಮ್ಮೆಯೂ ಬರಲಿಲ್ಲ. ಅವ್ವ ತೀರಿಕೊಂಡಾಗ ಬರಬೇಕೆಂದು ಒದ್ದಾಡಿದ. ಅವನ ಪಾಸ್‌ಪೋರ್ಟು ಏನೋ ನವೀಕರಣಕ್ಕೆ ಹೋಗಿ ಕೂತಿತ್ತು. ಅವ್ವನನ್ನು ಮಣ್ಣು ಮಾಡುವುದನ್ನು ಅವನು ಫೋನಿನಲ್ಲಿ ನೋಡಿದ. ಹೊಲದಲ್ಲಿ ಸಿಗ್ನಲ್ಲು ಸರಿಯಾಗಿ ಇರಲಿಲ್ಲ. ನಡುನಡುವೆ ಅವನ ಮುಖ ನಿಂತುಹೋಗುತ್ತಿತ್ತು, ಅರ್ಧ ತೆರೆದ ಬಾಯಿ ಹಾಗೇ ಇರುತ್ತಿತ್ತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಸಾವಾದ ಮೇಲೆ ಬಳಗದವರು ಮೊದಲ ಸಲ ಎದುರಾದಾಗ ಕೊರಳಿಗೆ ಬಿದ್ದು ಅಳಬೇಕು. ಅತ್ತು, ಮೂಗು ಒರೆಸಿಕೊಂಡು, ಆಮೇಲೆ ಚಹಾ, ಆಮೇಲೆ ಉಳಿದ ಮಾತು. ಇದಕ್ಕೆ ಮಾತಾಡಿಸಿ ಬರುವುದು ಎನ್ನುತ್ತಾರೆ. ಅವ್ವ ಅಳವಂಡಿಗೋ ಹುಲಿಹೈದರಕ್ಕೋ ಬಸ್ಸು ಹತ್ತಿ, ದಾರಿಯುದ್ದಕ್ಕೂ ಪಕ್ಕದವರ ಜೊತೆ ನಗುತ್ತ ಹರಟುತ್ತ ಹೋಗಿ, ಆ ಮನೆಯ ಹೊಸ್ತಿಲಲ್ಲಿ ಎದೆಯೊಡೆಯುವ ಹಾಗೆ ಅತ್ತು, ಸಂಜೆ ಸಂತೆಯ ಉಳ್ಳಾಗಡ್ಡಿ ಹೊತ್ತುಕೊಂಡು ಮರಳುತ್ತಿದ್ದಳು. ಸಣ್ಣವಳಿದ್ದಾಗ ನನಗೆ ಅದೆಲ್ಲ ನಾಟಕ ಎನಿಸುತ್ತಿತ್ತು. ಅವ್ವ ಹೋದ ಮೇಲೆ ತಿಳಿಯಿತು. ಬಂದವರೆಲ್ಲರ ಕೊರಳಿಗೆ ಬಿದ್ದು ಅತ್ತೆ, ಅತ್ತಷ್ಟೂ ಹಗುರಾದೆ. ತಮ್ಮನೊಬ್ಬನ ಜೊತೆ ಅಳುವುದು ಬಾಕಿ ಉಳಿಯಿತು. ನನಗಾದರೂ ಊರು ತುಂಬ ಬಳಗವಿತ್ತು. ಅವನಿಗೆ ಆ ಊರಿನಲ್ಲಿ ಅವ್ವನನ್ನು ಕಂಡಿದ್ದ ಒಂದು ಪ್ರಾಣಿಯೂ ಇರಲಿಲ್ಲ. ಫೋನು ಮಾಡಿದರೆ ಊಟ ಆತೇನು, ಮಳಿ ಬಂತೇನು ಎಂದು ಕೇಳುತ್ತಿದ್ದ. ಅವ್ವನ ಮಾತು ತೆಗೆದರೆ ಸಿಗ್ನಲ್ಲು ಹೋಯಿತು ಎಂದು ಇಟ್ಟುಬಿಡುತ್ತಿದ್ದ.

ಹಾಗಾಗಿ ಆ ಒಂದು ರಾತ್ರಿಗಾಗಿ ನಾನು ವಿಮಾನ ಹತ್ತಿದೆ. ನಾವು ಅದನ್ನು ವಸ್ತಿ ಎಂದೇ ಕರೆದೆವು. ನಮ್ಮ ಹಳ್ಳಿಗಳಿಗೆ ರಾತ್ರಿ ಬಂದು ಅಲ್ಲೇ ಉಳಿದು ಬೆಳಿಗ್ಗೆ ಹೊರಡುವ ಬಸ್ಸಿಗೆ ವಸ್ತಿ ಬಸ್ಸು ಎನ್ನುತ್ತೇವೆ. ಬಸ್ಸು ವಸ್ತಿ ಇದ್ದರೆ ಡ್ರೈವರು, ಕಂಡಕ್ಟರು ಊರ ಕಟ್ಟೆಗೆ ಬಂದು ಕೂಡುತ್ತಾರೆ, ಬೇಕಾದವರು ಹೋಗಿ ಮಾತಾಡಿಸುತ್ತಾರೆ, ಪೇಟೆಯಲ್ಲಿ ಓದುವ ಮಕ್ಕಳಿಗೆ ಬುತ್ತಿ ಕೊಟ್ಟು ಕಳಿಸುತ್ತಾರೆ. ವಿಮಾನ ರಾತ್ರಿಯೆಲ್ಲ ಆ ಊರಲ್ಲೇ ನಿಲ್ಲುತ್ತದೆ ಎಂದ ಮೇಲೆ ತಮ್ಮ ಸ್ಟ್ಯಾಂಡಿಗೆ ಬರುತ್ತಾನೆ, ನಾವು ಇಳಿದು ಹೋಗಿ ಕೂಡುತ್ತೇವೆ. ಇದರಲ್ಲಿ ಕೇಳುವುದೇನಿದೆ? ಆದರೂ ನಮ್ಮ ಮನೆಯವರ ಕೈಯಿಂದ ಟೂರಿನ ಮ್ಯಾನೇಜರಿಗೆ ಫೋನು ಮಾಡಿಸಿದ್ದೆ. ರಾತ್ರಿ ಪೂರ್ತಿ ಏರ್‌ಪೋರ್ಟಿನಲ್ಲೇ ಇರುತ್ತೀರಿ ಎಂದು ಅವರು ಹೇಳಿದರು. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹೊರಗೆ ಬರಬಹುದೇ ಎಂದು ನಾವು ಕೇಳಲಿಲ್ಲ. ನಿಂತ ಗಾಡಿಯಿಂದ ಇಳಿಯಲಿಕ್ಕೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ತಮ್ಮನಿಗಾಗಿ ಗರಿಗರಿ ಒಣಗಿದ ಜೋಳದ ಕಟಕ ರೊಟ್ಟಿ ಬಡಿದು, ನೆಂಜಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎರಡೂ ಪುಡಿ ಕಟ್ಟಿಕೊಂಡಿದ್ದೆ. ರೊಟ್ಟಿ ಮುರಿಯಬಾರದೆಂದು ಆ ಗಂಟನ್ನು ವಾರವಿಡೀ ಕೈಚೀಲದಲ್ಲೇ ಹೊತ್ತುಕೊಂಡು ತಿರುಗಿದೆ. ಹಿಮದ ಬೆಟ್ಟವನ್ನೂ ಅದು ನೋಡಿತು. ಗಂಗಾವತಿಯ ಅಂಗಡಿಯವರ ಹೆಂಡತಿ, ನನ್ನ ಓರಗೆಯವಳು, ಆ ಗಂಟಿಗೂ ಒಂದು ಟಿಕೇಟು ತೆಗೆಸಬೇಕಿತ್ತು ನೀವು ಎಂದು ಚಾಷ್ಟಿ ಮಾಡುತ್ತಿದ್ದಳು.

ವಿಮಾನ ಆ ಊರಿನಲ್ಲಿ ಇಳಿಯುವಾಗ ಹೊತ್ತು ಮುಳುಗುತ್ತಿತ್ತು. ನಾನು ಎಲ್ಲರಿಗಿಂತ ಮುಂದೆ ನಡೆದೆ. ಒಂದು ಕಡೆ ದಾರಿ ಎರಡಾಗಿ ಒಡೆಯಿತು. ಹೊರಗೆ ಹೋಗುವ ದಾರಿಗೆ ಕಾಲಿಟ್ಟವಳನ್ನು ಮ್ಯಾನೇಜರು ಓಡಿ ಬಂದು ನಿಲ್ಲಿಸಿದರು. ನಾವು ಬರೀ ವಿಮಾನ ಬದಲಿಸುವವರು, ಈ ದೇಶಕ್ಕೆ ಬಂದವರಲ್ಲ, ವೀಸಾ ಇಲ್ಲದೆ ಹೊರಗೆ ಬಿಡುವುದಿಲ್ಲ ಎಂದರು. ಮೊದಲೇ ಅರ್ಜಿ ಹಾಕಿದ್ದರೆ ಸಿಗುತ್ತಿತ್ತಂತೆ. ಈಗ ಆಗುವುದಿಲ್ಲವಂತೆ. ಇರು, ನಾ ಮಾತಾಡ್ತೀನಿ ಎಂದು ನಮ್ಮ ಮನೆಯವರು ತಮ್ಮ ಹಿಂದಿಯನ್ನು ಕಟ್ಟಿಕೊಂಡು ಕೌಂಟರಿಗೆ ಹೋದರು. ಕೊಪ್ಪಳದ ಕೃಷಿ ಇಲಾಖೆಯಲ್ಲಿ ಅವರ ಮಾತು ನಡೆಯುತ್ತದೆ. ಅಲ್ಲಿದ್ದ ಅಧಿಕಾರಿ ಕೇಳುವಷ್ಟು ಕೇಳಿ, ತಲೆಯಾಡಿಸಿ, ಹಿಂದಿನವರನ್ನು ಕರೆದ. ಇವರು ಸಪ್ಪೆ ಮುಖ ಮಾಡಿಕೊಂಡು ಬಂದು ಆಗಂಗಿಲ್ಲಂತ ಎಂದರು. ಸಿಟ್ಟು ಮಾಡಬೇಕೆಂದುಕೊಂಡೆ. ಯಾರ ಮೇಲೆ ಮಾಡುವುದು? ವಸ್ತಿ, ವಸ್ತಿ ಎಂದು ಊರೆಲ್ಲ ಸಾರಿಕೊಂಡು ಬಂದವಳು ನಾನೇ.

ಅಷ್ಟರಲ್ಲಿ ತಮ್ಮನ ಫೋನು ಬಂತು. "ಅಕ್ಕಾ, ನಾ ಬಂದೀನಿ. ಯಾವ ಬಾಗಲದಿಂದ ಬರ್ತೀರಿ ನೀವು?"

ಬೇರೊಬ್ಬ ಡ್ರೈವರನಿಗೆ ತನ್ನ ಪಾಳಿ ಒಪ್ಪಿಸಿ, ಎರಡು ತಾಸು ಬಸ್ಸಿನಲ್ಲಿ ಕೂತು ಬಂದಿದ್ದ. ಹೇಳಬೇಕಾದದ್ದನ್ನು ಹೇಳಿದೆ. ಈ ಸಲ ಅವನು ಸಿಗ್ನಲ್ಲು ಹೋಯಿತು ಎಂದು ಇಟ್ಟುಬಿಡಲಿಲ್ಲ. ಒಳಗೆ ಬರಲಿಕ್ಕೆ ಅವನೂ ಯಾರನ್ನೋ ಕೇಳಿದ. ಟಿಕೇಟು ಇಲ್ಲದವರನ್ನು ಬಿಡುವುದಿಲ್ಲ ಎಂದರಂತೆ. ನಡುವೆ ಎಷ್ಟು ಗೋಡೆಗಳಿದ್ದವೋ ತಿಳಿಯದು. ನಮ್ಮ ಮನೆಯಿಂದ ಅಂಗಡಿಯಷ್ಟು ದೂರ ಇದ್ದರೆ ಹೆಚ್ಚು. ಐದು ವರ್ಷ ಸಮುದ್ರದಾಚೆ ಇದ್ದಾಗ ಆಗದ ಸಂಕಟ ಆಗ ಆಯಿತು.

ಕೊನೆಗೆ ಅವನೇ ಸಮಾಧಾನ ಮಾಡಿದ. ತಾನು ಕೊನೆಯ ಬಸ್ಸು ಹಿಡಿದು ರೂಮಿಗೆ ಹೋಗುತ್ತೇನೆ, ನಾಳೆ ಕೆಲಸವಿದೆ ಎಂದ. ನೀನು ಮಾತ್ರ ಮೂಲೆಯಲ್ಲಿ ಕೂತು ರಾತ್ರಿ ಕಳೆಯಬೇಡ, ಒಳಗೆ ಒಂದು ಊರೇ ಇದೆಯಂತೆ, ತಿರುಗಿ ನೋಡು ಎಂದ. ರಜೆಗೆ ಹೋಗುವ ಕೂಲಿಯವರನ್ನು ಆಗಾಗ ಇದೇ ಏರ್‌ಪೋರ್ಟಿಗೆ ತಂದುಬಿಡುವವನು ಅವನು. ಅವರು ಬಂದು ಹೇಳಿದ್ದೆಲ್ಲ ಅವನಿಗೆ ಬಾಯಿಪಾಠ. ಗಾಜಿನ ಚಾವಣಿಯ ಕೆಳಗೆ ತೋಟ ಮಾಡಿದ್ದಾರಂತೆ. ಅತ್ತರಿನ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಮುಂಗೈಗೆ ಹಚ್ಚುತ್ತಾರಂತೆ, ಕೊಳ್ಳಲೇಬೇಕೆಂದಿಲ್ಲವಂತೆ. ಕಾಲು ಚಾಚಿ ಮಲಗುವ ಕುರ್ಚಿಗಳು ತೋಟದ ಹಿಂದೆ ಇವೆಯಂತೆ, ಲಗೂನೆ ಹೋದರೆ ಸಿಗುತ್ತವಂತೆ. ರೊಟ್ಟಿಯ ಗಂಟನ್ನು ತಿರುಗಿ ಊರಿಗೆ ಒಯ್ಯಬೇಡ, ಎಲ್ಲರೂ ಕೂಡಿ ಉಣ್ಣಿರಿ ಎಂದ. "ಎಲ್ಲಾ ನೋಡಿ ಫೋಟೋ ಕಳಸು. ನಾನೂ ಒಳಗ ಬಂದಂಗ ಆಕ್ಕೈತಿ," ಎಂದ.

ಮೊದಲು ನನಗೆ ಏಳಲು ಮನಸ್ಸಾಗಲಿಲ್ಲ. ಆಮೇಲೆ ಅವನು ಹೇಳಿದ್ದಾನೆ ಎಂಬ ಒಂದೇ ಕಾರಣಕ್ಕೆ ಎದ್ದೆ. ತೋಟ ನಿಜಕ್ಕೂ ಇತ್ತು. ಮಣ್ಣಿನ ವಾಸನೆ ಇಲ್ಲದ ತೋಟ, ಆದರೆ ಎಲೆಗಳು ನಿಜದವು. ನಾನು ಉಗುರಿನಿಂದ ಚಿವುಟಿ ನೋಡಿದೆ. ಗಂಗಾವತಿಯವಳು ನಾಲ್ಕು ಅಂಗಡಿ ಸುತ್ತಿ ಎರಡೂ ಕೈಗೆ ಅತ್ತರು ಹಚ್ಚಿಸಿಕೊಂಡಳು, ನನ್ನ ಕೈಗೂ ಹಚ್ಚಿಸಿದಳು. ನಮ್ಮ ಮನೆಯವರು ಚಲಿಸುವ ನೆಲದ ಮೇಲೆ ಹೋಗಿ, ಮತ್ತೆ ಬಂದು, ಮತ್ತೆ ಹೋದರು. ತೋಟದ ಹಿಂದಿನ ಕುರ್ಚಿಗಳಲ್ಲಿ ಕಾಲು ಚಾಚಿಕೊಂಡು, ಗಂಟು ಬಿಚ್ಚಿ, ಎಲ್ಲರೂ ರೊಟ್ಟಿ ಹಿಂಡಿ ತಿಂದೆವು. ವಾರವಿಡೀ ಬ್ರೆಡ್ಡು ತಿಂದು ಬೇಸತ್ತಿದ್ದ ಜನ, ಒಂದು ಚೂರೂ ಉಳಿಯಲಿಲ್ಲ. ನಾನೂ ಮೂರು ರೊಟ್ಟಿ ತಿಂದೆ. ನಗುವುದೂ ಆಯಿತು, ಸುಳ್ಳೇಕೆ ಹೇಳಲಿ.

ಒಂದೊಂದಕ್ಕೂ ಫೋಟೋ ತೆಗೆದು ಅವನಿಗೆ ಕಳಿಸಿದೆ. ತೋಟ, ಅತ್ತರಿನ ಅಂಗಡಿ, ರೊಟ್ಟಿ ಹಿಡಿದ ಯಲಬುರ್ಗಾದವರು, ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ ನಮ್ಮ ಮನೆಯವರು. ಕಳಿಸಿದ ಕೂಡಲೇ ಅವನ ಉತ್ತರ ಬರುತ್ತಿತ್ತು. ಛಲೋ ಐತಿ. ಭಾಳ ಛಲೋ ಐತಿ. ಮಾವಗ ಹೊಚ್ಚಲಿಕ್ಕೆ ಏನರ ಕೊಡು. ರೂಮು ಮುಟ್ಟಿದೆಯಾ ಎಂದು ಕೇಳಿದೆ. ಮುಟ್ಟೀನಿ, ಮಲಗೀನಿ ಎಂದು ಬಂತು. ಮಲಗಿದವನು ಇಷ್ಟು ಬೇಗ ಹೇಗೆ ಉತ್ತರ ಕೊಡುತ್ತಾನೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಫೋಟೋಗಳು ಇನ್ನೂ ನನ್ನ ಫೋನಿನಲ್ಲಿವೆ. ಅಳಿಸಿಬಿಡಬೇಕು ಎಂದು ತೆಗೆಯುತ್ತೇನೆ, ಅಳಿಸಲು ಕೈ ಬರುವುದಿಲ್ಲ.

ಬೆಳಗಿನ ವಿಮಾನಕ್ಕೆ ಸಾಲು ಹಚ್ಚಿದಾಗ ಅವನ ಮುಖವನ್ನಾದರೂ ನೋಡಿ ಹತ್ತೋಣ ಎಂದು ವಿಡಿಯೋ ಕಾಲ್ ಮಾಡಿದೆ. ತೂಕಡಿಸುತ್ತಿದ್ದನೋ ಏನೋ, ನೋಡದೆ ಎತ್ತಿಬಿಟ್ಟ. ಮುಖ ಬಾತುಕೊಂಡಿತ್ತು. ತಲೆ ಮುಂದೆ ಬೋಳಾಗಿತ್ತು, ಅದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವನ ಬೆನ್ನ ಹಿಂದೆ ಸಾಮಾನು ತಳ್ಳುವ ಗಾಡಿಗಳ ಉದ್ದನೆಯ ಸಾಲು, ಅದರಾಚೆ ಪೆಟ್ಟಿಗೆ ಎಳೆದುಕೊಂಡು ಹೋಗುವ ಜನ.

ಎಲ್ಲಿದ್ದೀ ಎಂದು ಕೇಳಿದೆ. ಫೋನನ್ನು ಅತ್ತ ತಿರುಗಿಸಲು ನೋಡಿದ, ಆಮೇಲೆ ಬಿಟ್ಟ. ರಾತ್ರಿಯೆಲ್ಲ ಏರ್‌ಪೋರ್ಟಿನ ಬಾಗಿಲಲ್ಲೇ ಇದ್ದ. ಹೊರಗಿನ ಕಟ್ಟೆಯ ಮೇಲೆ ಕೂತು, ಕಾವಲಿನವರು ಎಬ್ಬಿಸಿದಾಗ ಎದ್ದು ಅತ್ತಿತ್ತ ತಿರುಗಿ, ಮತ್ತೆ ಬಂದು ಕೂತು ನನ್ನ ಫೋಟೋಗಳನ್ನು ನೋಡಿದ್ದ. ರೊಟ್ಟಿಯದನ್ನೂ ನೋಡಿದ್ದ.

ಹೋಗಿದ್ದೇನೆ ಎಂದು ಯಾಕೆ ಸುಳ್ಳು ಹೇಳಿದೆ ಎಂದು ಬೈದೆ. ನನ್ನ ದನಿ ಏರಿತ್ತು, ಸಾಲಿನವರೆಲ್ಲ ತಿರುಗಿ ನೋಡಿದರು.

"ಹೊರಗ ಅದೀನಿ ಅಂದಿದ್ರ ನೀ ಒಂದೂ ನೋಡ್ತಿದ್ದಿಲ್ಲ," ಎಂದ. "ಹೋಗಾಕ ಎದ್ದಿದ್ದೆ ಬೇ. ನೀ ಇಲ್ಲೇ ಅದಿ, ಬಿಟ್ಟು ಹೆಂಗ ಹೋಗ್ಲಿ?"

ಅವ್ವ ಎಂಬ ಒಂದು ಮಾತು ಬಾಯಿಗೆ ಬಂತು, ಮುಂದೆ ಬರಲಿಲ್ಲ. ಅವನು ತಲೆ ತಗ್ಗಿಸಿದ, ತೋಳಿನಿಂದ ಮೂಗು ಒರೆಸಿಕೊಂಡ. ನಾನು ಆ ಪುಟ್ಟ ಗಾಜಿನ ಮೇಲೆ ಹೆಬ್ಬೆರಳಿಟ್ಟು ನಿಂತಿದ್ದೆ. ಹೆಬ್ಬೆರಳಿಗೇ ಅವನ ಮುಖವೆಲ್ಲ ಮುಚ್ಚಿತು, ತೆಗೆದೆ.

"ಅಳಬ್ಯಾಡ ಅಕ್ಕಾ," ಎಂದ. "ಫೋನಿನ್ಯಾಗ ಅತ್ರ ಅದು ಮುಗಿಯಂಗಿಲ್ಲ."

ಮುಂದಿನವರು ಸರಿದರು. ಟಿಕೇಟು ಕೇಳುತ್ತಿದ್ದಾರೆ ಎಂದು ನಮ್ಮ ಮನೆಯವರು ಮೆಲ್ಲಗೆ ಭುಜ ಮುಟ್ಟಿದರು. ಇನ್ನಾದರೂ ಮನೆಗೆ ಹೋಗು ಎಂದು ತಮ್ಮನಿಗೆ ಹೇಳಿದೆ. ನಿನ್ನ ವಿಮಾನ ಏರುವುದನ್ನು ನೋಡಿ ಹೋಗುತ್ತೇನೆ ಎಂದ. ಇಲ್ಲಿ ಒಂದರ ಹಿಂದೆ ಒಂದು ಏಳುತ್ತವೆ, ನನ್ನದು ಯಾವುದೆಂದು ನಿನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ.

"ಗೊತ್ತಾಗಂಗಿಲ್ಲ," ಎಂದ. "ಎಲ್ಲಾದಕ್ಕೂ ಕೈ ಮಾಡ್ತೀನಿ."

ನನ್ನದು ನಡುವಿನ ಸೀಟು. ಕಿಟಕಿಯ ಹತ್ತಿರ ಕೂತಿದ್ದ ಗಂಗಾವತಿಯವಳನ್ನು ಎಬ್ಬಿಸಿದೆ. ಏನೂ ಕೇಳದೆ ಅವಳು ಜಾಗ ಬಿಟ್ಟಳು. ವಿಮಾನ ಎದ್ದಿತು. ಕೆಳಗೆ ರಸ್ತೆಗಳು, ಬಸ್ಸುಗಳು, ಗಾಜಿನ ಕಟ್ಟಡಗಳು, ಎಲ್ಲ ಕಡೆ ಇರುವೆಯಷ್ಟು ಜನ. ನಾನು ಹಣೆಯನ್ನು ಕಿಟಕಿಗೆ ಒತ್ತಿ ಹುಡುಕಿದೆ. ಅವನು ಯಾವ ಕಡೆ ನಿಂತಿರುತ್ತಾನೆ ಎಂದು ಕೇಳಿಕೊಂಡಿರಲಿಲ್ಲ.