ಕೊಂಢವಾದ ಓಣಿಯ ನಡುವೆ ಎಳೆದ ಗೆರೆ

ಧಾರವಾಡದಿಂದ ಬೆಳಿಗ್ಗೆ ಆರೂವರೆಗೆ ಬಿಡಬೇಕಿದ್ದ ಪುಣೆಯ ಬಸ್ಸು ಏಳೂಕಾಲಿಗೆ ಹೊರಟಿತು. ಟಿಕೀಟು ಏಳುನೂರು ಚಿಲ್ಲರೆ. ನನ್ನ ಪಾಲಿಗೆ ಬಂದ ಕಿಟಕಿಯ ಗಾಜು ಮುಕ್ಕಾಲು ಮುಚ್ಚಿ ಅಲ್ಲೇ ಕಚ್ಚಿಕೊಂಡಿತ್ತು. ಬೆಳಗಾವಿ ದಾಟುವಷ್ಟರಲ್ಲಿ ಎಡತೋಳು ತೊಯ್ದು ತಣ್ಣಗಾಗಿತ್ತು. ಕಂಡಕ್ಟರಿಗೆ ಹೇಳಿದರೆ, "ಮಳಿ ನಿಂತರ ತಾನ ನಿಲ್ತದ್ರಿ" ಎಂದು ಮುಂದೆ ಹೋದ. ಮಳೆ ಪುಣೆಯವರೆಗೂ ನಿಲ್ಲಲಿಲ್ಲ.

ನನ್ನ ಚೀಲದಲ್ಲಿ ಒಂದು ಕಿಲೋ ಪೇಢೆ, ಎರಡು ಸೀರೆ, ಒಂದು ಅಡಿಪಟ್ಟಿ, ಒಂದು ಭೂತಗನ್ನಡಿ ಇದ್ದವು. ಪ್ರವಾಸಕ್ಕೆ ಹೋಗುವವರು ಅಡಿಪಟ್ಟಿ ಒಯ್ಯುವುದಿಲ್ಲ ಎಂಬುದು ನನಗೂ ಗೊತ್ತು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಪುಣೆಯ ಕೊಂಢವಾದಲ್ಲಿ ನನ್ನ ಅಕ್ಕ ಕಮಲಾ ಇದ್ದಾಳೆ. ಅವಳ ಗಂಡ ಗುರುನಾಥ ಭಾವ ಮೂಲತಃ ಗೋಕಾಕದವರು. ಸರಕು ಸಾಗಣೆ ಕಂಪನಿಯೊಂದರಲ್ಲಿ ಜೀವಮಾನವಿಡೀ ಗುಮಾಸ್ತಿಕೆ ಮಾಡಿ ಈಗ ಮನೆಯಲ್ಲಿದ್ದಾರೆ. ಅವರ ಓಣಿಯನ್ನು ಎರಡು ಪ್ರಭಾಗಗಳಿಗೆ, ಅಂದರೆ ಎರಡು ಚುನಾವಣಾ ವಾರ್ಡುಗಳಿಗೆ, ಸೀಳುವ ಕರಡು ನಕಾಶೆ ಹೊರಬಿದ್ದಿತ್ತು. ಜನರ ಆಕ್ಷೇಪ ಕೇಳಲು ಪಾಲಿಕೆಯವರು ಸುನಾವಣಿ ಎಂಬ ವಿಚಾರಣೆ ಇಟ್ಟಿದ್ದರು.

ಆಕ್ಷೇಪದ ಅರ್ಜಿ ಹಾಕುವ ಮುಂಚೆ ಭಾವ ನನಗೆ ಫೋನು ಮಾಡಿದ್ದರು. "ಹಾರ್ಡ್‌ವೇರ್ ಅಂಗಡಿ ಮಲ್ಲಪ್ಪ ತಲಿಗೊಂದು ಬ್ಯಾರೆ ಬ್ಯಾರೆ ಅರ್ಜಿ ಕೊಡೋಣು ಅಂತಾನ. ನನಗ ಎಲ್ಲಾರ ಸಹಿ ಹಾಕಿ ಒಂದ ಅರ್ಜಿ ಕೊಟ್ರ ಚಲೋ ಅನಸ್ತದ. ನೀ ಏನಂತಿ?" ನನ್ನ ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. "ಒಂದ ಕೊಡ್ರಿ ಭಾವ, ಅದಕ್ಕ ತೂಕ ಇರ್ತದ" ಎಂದು ಹೇಳಿ ಒಲೆಯತ್ತ ಓಡಿದೆ. ಅಷ್ಟೇ ನನ್ನ ಆಲೋಚನೆ.

ನಿಪ್ಪಾಣಿಯಲ್ಲಿ ಚಹ, ಕರಾಡದ ಹತ್ತಿರ ಊಟಕ್ಕೆ ನಿಲುಗಡೆ. ಝುಣಕಾ ಭಾಕರಿ ತೊಂಬತ್ತು ರೂಪಾಯಿ, ಖಾರ ಧಾರಾಳ. ಖಂಬಾಟಕಿ ಘಾಟಿನಲ್ಲಿ ಲಾರಿಯೊಂದು ಅಡ್ಡ ನಿಂತು ಮುಕ್ಕಾಲು ಗಂಟೆ ಹೋಯಿತು. ಭೋರ್ ಕಡೆಗೆ ತಿರುಗುವ ರಸ್ತೆ ದಾಟುವಾಗ ಬೆಟ್ಟಗಳೆಲ್ಲ ಮೋಡದಲ್ಲಿ ಮುಚ್ಚಿಹೋಗಿದ್ದವು. ಕಾತ್ರಜದಲ್ಲಿ ಇಳಿದಾಗ ಐದೂವರೆ. ಕೊಂಢವಾಕ್ಕೆ ಆಟೋದವನು ನೂರೈವತ್ತು ಕೇಳಿ ನೂರಿಪ್ಪತ್ತಕ್ಕೆ ಬಂದ, ಬಂದವನು ಓಣಿಯ ಬಾಯಲ್ಲೇ ಗಾಡಿ ನಿಲ್ಲಿಸಿದ. ಒಳಗೆ ಪಾದ ಮುಳುಗುವಷ್ಟು ನೀರು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ.

ಅಕ್ಕನ ಮನೆ ಓಣಿಯ ಬಾಯಿಗೆ ಹತ್ತಿರ, ತಗ್ಗಿನ ಬದಿಗೆ, ನೆಲಮಟ್ಟದಲ್ಲೇ ಇದೆ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವಳ ಎಡಗಾಲು ಸೋತಿದೆ. ಮಂಚದ ತುದಿಗೆ ಕೂತು ಎರಡೂ ಪಾದ ನೆಲಕ್ಕೆ ಒತ್ತಿ ಒತ್ತಿ ಅಭ್ಯಾಸ ಮಾಡಿದರೆ ಎದ್ದು ನಿಲ್ಲಬಹುದು ಎಂದು ವೈದ್ಯರು ಹೇಳಿದ್ದಾರೆ. ಆದರೆ ಮಳೆಗಾಲದಲ್ಲಿ ಯಾವ ಹೊತ್ತಿನಲ್ಲಿ ನೀರು ಒಳಗೆ ಬರುತ್ತದೋ ಹೇಳಲಾಗದು. ಹೋದ ವರ್ಷ ಹಾಸಿಗೆಯೇ ತೊಯ್ದು, ಓಣಿಯ ನಾಲ್ಕು ಜನ ಅವಳನ್ನು ಮಂಚದ ಸಮೇತ ಹೊತ್ತು ಎದುರು ಬದಿಗೆ ಒಯ್ದಿದ್ದರು. ಅಂದಿನಿಂದ ಮಂಚದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ. ಅಕ್ಕ ತುದಿಗೆ ಕೂತರೆ ಕಾಲುಗಳು ಜೋತಾಡುತ್ತವೆ. ಹಲಗೆ ಇಟ್ಟು ನೋಡಿದರು, ಅದು ಜಾರಿ ಅವಳು ಬಿದ್ದಳು.

"ನೆಲಾ ಮುಟ್ಟಿ ಎಷ್ಟ ದಿನಾತು ಗೊತ್ತೇನ?" ಎಂದಳು ಅಕ್ಕ, ನಾನು ಒದ್ದೆ ಸೀರೆ ಹಿಂಡುತ್ತಿರುವಾಗ. "ಗಟಾರ ಆಗಲಿ, ಮದಲ ಈ ಇಟ್ಟಂಗಿ ತಗಸ್ತೇನಿ. ಆಮ್ಯಾಲೆ ಅಂಗಳದಾಗ ನಿಂತು ನಿನ್ನ ಬೈತೇನಿ, ವರ್ಷಕ್ಕೊಮ್ಮೆ ಬರ್ತಿ ಅಂತ."

ಆ ಗಟಾರಕ್ಕಾಗಿ ಭಾವ ಏಳು ವರ್ಷ ಓಡಾಡಿದ್ದರು. ಓಣಿಯ ಎರಡೂ ಬದಿಯವರು ಸೇರಿ ಒಂದೇ ಮಾತು ಆಡಿದ್ದಕ್ಕೆ ಕಡೆಗೂ ಯೋಜನೆ ಕಾಗದಕ್ಕೆ ಬಂದಿತ್ತು. ಚುನಾವಣೆ ಮುಗಿದ ಮೇಲೆ ಕೆಲಸ ಎಂದು ಪಾಲಿಕೆಯವರು ಹೇಳಿದ್ದರು. ಈಗ ಎಡಬದಿ ಒಂದು ಪ್ರಭಾಗ, ಬಲಬದಿ ಇನ್ನೊಂದಾದರೆ ಅಗೆಯುವವರು ಯಾರು?

ಮರುದಿನ ಬೆಳಿಗ್ಗೆ ಮಳೆ ಜಿನುಗುತ್ತಿತ್ತು. ಕರಡು ನಕಾಶೆ ನೋಡಲು ಭಾವನೊಂದಿಗೆ ಪಾಲಿಕೆಯ ಕಚೇರಿಗೆ ಹೋದೆ. ನಕಾಶೆಯನ್ನು ಸಾರ್ವಜನಿಕರಿಗಾಗಿ ಪ್ರಕಟಿಸಿದ್ದಾರೆಂಬ ಮಾತು ಸುಳ್ಳಲ್ಲ. ಮೆಟ್ಟಿಲ ಕೆಳಗಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರ ಮುಂದೆ ಗಣಪತಿ ಹಬ್ಬದ ಮಂಟಪಕ್ಕೆ ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಎದೆಯೆತ್ತರ ಪೇರಿಸಿದ್ದರು. ಭಾವ ಒಂದೊಂದಾಗಿ ಕುರ್ಚಿ ಸರಿಸಿದರು. ನಾನು ಗಾಜಿಗೆ ಭೂತಗನ್ನಡಿ ಒತ್ತಿ ನೋಡಿದೆ. ಓಣಿಯ ಹೆಸರಿಲ್ಲ, ಅಂಗಡಿ ಗುಡಿ ಯಾವುದೂ ಇಲ್ಲ. ಸರ್ವೆ ನಂಬರುಗಳು, ಅವುಗಳ ನಡುವೆ ದಪ್ಪನೆಯ ಕೆಂಪು ಗೆರೆ. ಗೆರೆಯ ಕೆಳಗೆ ಸಣ್ಣ ಅಕ್ಷರದಲ್ಲಿ 'ನಾಲಾ' ಎಂದಿತ್ತು.

"ಇಲ್ಲೆ ನಾಲಾ ಎಲ್ಲದ ಭಾವ?"

"ಇತ್ತು. ನಾವು ಬಂದಾಗ ಇತ್ತು. ಆಚೀಕಡಿ ದೊಡ್ಡ ದೊಡ್ಡ ಬಿಲ್ಡಿಂಗ್ ಆದ್ವಲ್ಲಾ, ಆವಾಗ ಅದನ್ನ ಪೈಪಿನ್ಯಾಗ ಹಾಕಿ ಅವುಗಳ ಹಿಂದ ತಿರುವಿದ್ರು. ಹಳೇ ನಾಲಾ ಮುಚ್ಚಿದ ಜಾಗಾನ ನಮ್ಮ ಓಣಿ."

ಮಳೆ ಬಂದಾಗ ನೀರು ಅಕ್ಕನ ಮನೆ ಹುಡುಕಿಕೊಂಡು ಬರುವುದು ಯಾಕೆಂದು ಆಗ ತಿಳಿಯಿತು. ಗೆರೆ ಎಳೆದವರು ಹಳೆಯ ನಕಾಶೆ ಮುಂದಿಟ್ಟುಕೊಂಡು, ಈಗ ಇಲ್ಲದ ನಾಲೆಯ ಗುಂಟ ಎಳೆದಿದ್ದರು. ಈಗಿನ ನಾಲೆಯ ಗುಂಟ ಎಳೆದರೆ ಓಣಿ ಇಡಿಯಾಗಿ ಉಳಿಯುತ್ತದೆ. ಆ ಅಪಾರ್ಟ್‌ಮೆಂಟುಗಳೂ ಓಣಿಯ ಪ್ರಭಾಗಕ್ಕೇ ಬರುತ್ತವೆ.

"ಅಯ್ಯ, ಇದು ಭಾಳ ಸರಳ ಅದಲ್ಲ!" ಎಂದೆ. ಮೇಷ್ಟರ ಬುದ್ಧಿ ನೋಡಿ, ತಪ್ಪು ತೋರಿಸಿದರೆ ತಿದ್ದುತ್ತಾರೆ ಎಂದೇ ನಂಬಿದೆ. ಭಾವನ ಮುಖವೂ ಅರಳಿತು.

ವಾಪಸು ಬರುವಾಗ ಪಕ್ಕದ ಬೀದಿಯಲ್ಲಿ ಕರೆದೊಯ್ದರು. ಹಿಂದಿನ ಸಲ ಗಡಿ ಎಳೆದಾಗ ಹೀಗೆಯೇ ಎರಡು ಪ್ರಭಾಗಗಳಿಗೆ ಸೀಳಿಹೋದ ಬೀದಿ ಅದು. ಒಂದು ಬದಿಗೆ ಕಸದ ಗಾಡಿ ಬಂದು ಹೋಗಿತ್ತು, ಇನ್ನೊಂದು ಬದಿಯ ಕಸ ಮಳೆಯಲ್ಲಿ ಕೊಳೆತು ರಸ್ತೆಗೆ ಹರಿದಿತ್ತು. "ಈ ಕಡೆಯವರನ್ನ ಕೇಳಿದ್ರ ಆ ಕಡೆ ಹೋಗ್ರಿ ಅಂತಾರ, ಆ ಕಡೆ ಹೋದ್ರ ಈ ಕಡೆ. ಮಂದಿ ಬ್ಯಾಸತ್ತು ಕೇಳೂದ ಬಿಟ್ಟಾರ" ಎಂದರು ಭಾವ. ಇಬ್ಬರೂ ಮೂಗು ಮುಚ್ಚಿಕೊಂಡು ದಾಟಿದೆವು.

ಸುನಾವಣಿ ಮೂರನೆಯ ದಿನ, ನಗರದ ನಡುವಿನ ಒಂದು ಸಭಾಗೃಹದಲ್ಲಿ. ಅಕ್ಕನನ್ನು ನೆರೆಯವರಿಗೆ ಒಪ್ಪಿಸಿ ನಾನು, ಭಾವ, ಮಲ್ಲಪ್ಪ ಬಸ್ಸು ಹತ್ತಿದೆವು. ಮಲ್ಲಪ್ಪ ಚಿಕ್ಕೋಡಿಯ ಕಡೆಯವನು, ಓಣಿಯ ಎತ್ತರದ ಬದಿಯಲ್ಲಿ ಅವನ ಅಂಗಡಿ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅರ್ಜಿಯ ಪ್ರತಿಯನ್ನು ಮಳೆಗೆ ಹೆದರಿ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ್ದರು. ದಾರಿಯಲ್ಲಿ ಅದನ್ನು ನನ್ನ ಕೈಗೆ ಕೊಟ್ಟರು. ಇನ್ನೂರ ಹನ್ನೊಂದು ಸಹಿಗಳು. ಮನೆಮನೆಗೆ ಹೋಗಿ, ಸಹಿ ಬಾರದವರ ಹೆಬ್ಬೆಟ್ಟು ಒತ್ತಿಸಿ, ಪ್ರತಿಯೊಂದರ ಎದುರು ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆದಿದ್ದರು. ಅಕ್ಕನ ಸಹಿ ಸೊಟ್ಟಗೆ ಇತ್ತು, ಅದೇ ಮೊದಲನೆಯದು.

"ಕಂಪನ್ಯಾಗ ನಾ ಒಂದ ಮಾತು ಕಲ್ತೇನಿ" ಎಂದರು. "ಹತ್ತ ಮಂದಿ ಹತ್ತ ಕಾಗದಾ ಬರದ್ರ ಸಾಹೇಬ ಬುಟ್ಟಿಗೆ ಹಾಕ್ತಾನ. ಹತ್ತ ಮಂದಿ ಒಂದ ಕಾಗದದ ಮ್ಯಾಲ ಸಹಿ ಮಾಡಿದ್ರ ಎದ್ದು ನಿಲ್ತಾನ."

ಮಲ್ಲಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ.

ಸಭಾಗೃಹದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಗೋಡೆಯ ಪರದೆ. ನಮ್ಮ ಗಡಿಯ ಬಗ್ಗೆ ಬಂದ ಅರ್ಜಿಗಳ ಪಟ್ಟಿ ಅದರ ಮೇಲಿತ್ತು. ಗಡಿ ಕರಡಿನಲ್ಲಿದ್ದಂತೆಯೇ ಇರಲಿ ಎಂಬವು ಎಂಬತ್ತಾರು, ಬದಲಾಗಲಿ ಎಂಬುದು ಒಂದು.

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎದ್ದು ಮೇಜಿನ ಬಳಿ ಹೋಗಿ ಮರಾಠಿಯಲ್ಲಿ ಕೇಳಿದರು. ಇದು ತಪ್ಪಿದೆ, ನಮ್ಮ ಅರ್ಜಿಯಲ್ಲಿ ಇನ್ನೂರ ಹನ್ನೊಂದು ಜನ ಇದ್ದೇವೆ ಎಂದು. ಅಲ್ಲಿದ್ದ ಹೆಣ್ಣುಮಗಳು ಪುಟ ತಿರುವಿ ನೋಡಿ, ಸೌಜನ್ಯದಿಂದಲೇ ಹೇಳಿದಳು: "ಕಾಕಾ, ಅರ್ಜ ಏಕ, ಹರಕತ್ ಏಕ." ಒಂದು ಅರ್ಜಿಗೆ ಒಂದು ಆಕ್ಷೇಪ. ಒಂದು ಆಕ್ಷೇಪಕ್ಕೆ ಎರಡು ನಿಮಿಷ.

ಎಂಬತ್ತಾರು ಜನ ಆ ಅಪಾರ್ಟ್‌ಮೆಂಟುಗಳವರು. ಎಲ್ಲರ ಅರ್ಜಿಯೂ ಒಂದೇ ಅಚ್ಚಿನದು, ಕೆಳಗೆ ಹೆಸರು ಮಾತ್ರ ಬೇರೆ. ಒಬ್ಬರಾದ ಮೇಲೊಬ್ಬರು ಬಂದು, ನಾಲೆಯೇ ಸಹಜ ಗಡಿ, ಅದನ್ನೇ ಉಳಿಸಿ ಎಂದರು. ಕೆಟ್ಟ ಜನರೇನಲ್ಲ. ನನ್ನ ಪಕ್ಕ ಕೂತಿದ್ದ ಅವರ ಪೈಕಿಯ ಮುದುಕಿ ತನ್ನ ಡಬ್ಬಿಯಿಂದ ನನಗೊಂದು ಚಕ್ಕುಲಿ ಕೊಟ್ಟಳು. ಓಣಿಯ ಸಮಸ್ಯೆ ತಮ್ಮ ತಲೆಗೆ ಬರಬಾರದು, ಅಷ್ಟೇ ಅವರಿಗೆ ಬೇಕಾದದ್ದು. ಒಂದೂವರೆ ಗಂಟೆ ಅದೇ ಮಾತು ಕೇಳುತ್ತ ಚಕ್ಕುಲಿ ಕೈಯಲ್ಲೇ ಹಿಡಿದು ಕೂತಿದ್ದೆ.

ಕಡೆಗೆ ನಮ್ಮ ಸರದಿ. ನಕಾಶೆ ವಿವರಿಸಲು ಭಾವನ ಜೊತೆ ನಾನೂ ಹೋದೆ. ವೇದಿಕೆಯ ಮೇಲಿನ ಹಿರಿಯ ಅಧಿಕಾರಿ ಕನ್ನಡಿಗರಲ್ಲ. ಮರಾಠಿ, ಹಿಂದಿ ಬೆರೆಸಿ ನಡೆದ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಈ ನಾಲೆ ಈಗ ಇಲ್ಲ, ಸಾಹೇಬರೇ" ಎಂದೆ.

"ನಕಾಶೆಯಲ್ಲಿದೆಯಲ್ಲ."

"ನಕಾಶೆಯಲ್ಲಿದೆ. ನೆಲದ ಮೇಲಿಲ್ಲ. ಒಂದು ಸಲ ಬಂದು ನೋಡಿ."

"ಸ್ಥಳಾಂತರವಾದದ್ದಕ್ಕೆ ದಾಖಲೆ?"

ಭಾವ ಪ್ಲಾಸ್ಟಿಕ್ ಚೀಲ ಬಿಚ್ಚಿ ಹಾಳೆಗಳನ್ನು ತಿರುವಿದರು. ಇಡೀ ಆಯುಷ್ಯ ದಾಖಲೆ ಜೋಡಿಸಿದ ಮನುಷ್ಯನ ಬಳಿ ಆ ಒಂದು ದಾಖಲೆ ಇರಲಿಲ್ಲ. ನಾನು ತಡೆಯಲಾರದೆ ಕೇಳಿದೆ: "ಈ ಗೆರೆ ಯಾರು ಎಳೆದರು? ಎಳೆಯುವ ಮುಂಚೆ ಅಲ್ಲಿ ಯಾರಾದರೂ ನಡೆದು ನೋಡಿದ್ದರೇ?"

"ಇದು ಸುನಾವಣಿ, ಪ್ರಶ್ನೋತ್ತರವಲ್ಲ. ನಿಮ್ಮ ಮಾತು ದಾಖಲಾಗಿದೆ." ಗಂಟೆ ಬಾರಿಸಿದರು. ಮುಂದಿನ ಪ್ರಭಾಗದ ಹೆಸರು ಕೂಗಿದರು. ಭಾವ ಮಾತ್ರ ಇನ್ನೂ ಅಲ್ಲೇ ನಿಂತು ಸಹಿಗಳ ಹಾಳೆಗಳನ್ನು ಎತ್ತಿ ತೋರಿಸುತ್ತಿದ್ದರು. ಯಾರೂ ಅತ್ತ ನೋಡುತ್ತಿರಲಿಲ್ಲ. ನಾನೇ ತೋಳು ಹಿಡಿದು ಕರೆತಂದೆ.

ಹೊರಗೆ ಮಳೆ ಜೋರಾಗಿತ್ತು. ಬಸ್ಸಿಗೆ ಕಾಯುತ್ತಿದ್ದಾಗ ಮಲ್ಲಪ್ಪನಿಗೆ ತಡೆಯಲಾಗಲಿಲ್ಲ. "ಆವಾಗ ಹೇಳಿದ್ನಿರಿ ಸರ, ತಲಿಗೊಂದು ಕೊಡೂಣು ಅಂತ. ಇನ್ನೂರ ಹನ್ನೊಂದು ಆಗ್ತಿದ್ವು."

"ಹೌದಪಾ. ತಪ್ಪು ನಂದ. ಒಂದ ಅರ್ಜಿ ಅಂದಾಂವ ನಾನ" ಎಂದರು ಭಾವ. ನನ್ನ ಕಡೆ ನೋಡಲೂ ಇಲ್ಲ.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸರಿ ತಪ್ಪು ಹೇಳಿದವಳು ಆ ಬಸ್‌ಸ್ಟಾಪಿನಲ್ಲಿ ಕೊಡೆ ಸರಿಮಾಡಿಕೊಳ್ಳುತ್ತ ನಿಂತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಹತ್ತರ ಬಸ್ಸಿಗೆ ಹೊರಟೆ. ಅಂತಿಮ ನಕಾಶೆ ಹೊರಬೀಳಲು ಇನ್ನೂ ದಿನಗಳಿದ್ದವು, ಆದರೆ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಭಾವ ಆಟೋ ತರಲು ಹೋದಾಗ ಅಕ್ಕನ ಪಕ್ಕ ಕೂತು ಹೇಳಿಬಿಟ್ಟೆ. "ಅಕ್ಕಾ, ಒಂದ ಅರ್ಜಿ ಕೊಡ್ರಿ ಅಂತ ಭಾವಗ ಹೇಳಿದಾಕಿ ನಾನ. ಹಾಲು ಉಕ್ಕಾಕತ್ತಿತ್ತು, ವಿಚಾರ ಮಾಡ್ಲಿಲ್ಲ."

ಅಕ್ಕ ನನ್ನ ಸೆರಗಿನ ತುದಿ ಹಿಡಿದು ಮಡಚುತ್ತಿದ್ದಳು. "ನನಗ ಗೊತ್ತದ. ಅವತ್ತ ಫೋನು ಸ್ಪೀಕರ್ ಮ್ಯಾಲಿತ್ತು" ಎಂದಳು. ಸೆರಗಿನ ಮಡಿಕೆ ಬಿಚ್ಚಿ, "ಅವರು ಅದನ್ನ ಯಾರ ಮುಂದೂ ಹೇಳೂದಿಲ್ಲ. ನೀನೂ ಮತ್ತ ತಗೀಬ್ಯಾಡ. ಪೇಢೆ ಚಲೋ ಇದ್ವು" ಎಂದಳು. ನನಗೆ ಅಳು ಬಂತು. ಅವಳು ಅಳಲಿಲ್ಲ.

ಆಟೋ ಓಣಿಯ ಬಾಯಲ್ಲಿ ನಿಂತಿತ್ತು. ನೀರಿನಲ್ಲಿ ನಡೆದು ಹೋಗಿ ಕೂತೆ. ಭಾವ ನನ್ನ ಚೀಲ ಒಳಗಿಟ್ಟು, "ಮುಟ್ಟಿದ ಮ್ಯಾಲ ಫೋನ್ ಮಾಡವಾ" ಎಂದು ಮನೆಯತ್ತ ಹೊರಟರು. ಮಲ್ಲಪ್ಪ ಅಂಗಡಿಯಿಂದ ಏನನ್ನೋ ಬುಟ್ಟಿಯಲ್ಲಿ ಹೊತ್ತು ಅವರ ಹಿಂದೆ ಹೋದ. ಆಟೋದವನು ಗಾಡಿ ತಿರುಗಿಸಲು ಬಹಳ ಹೊತ್ತು ಹಿಂದೆ ಮುಂದೆ ಮಾಡಿದ, ಅಷ್ಟರಲ್ಲಿ ತೆರೆದ ಬಾಗಿಲಿನೊಳಗೆ ಎಲ್ಲ ಕಂಡಿತು. ಅಕ್ಕ ಮಂಚದ ತುದಿಗೆ ಕೂತು ಅದರ ಸರಳು ಹಿಡಿದುಕೊಂಡಿದ್ದಳು. ಮಲ್ಲಪ್ಪ ಮಂಚವನ್ನು ಒಂದೊಂದೇ ಮೂಲೆಯಿಂದ ಎತ್ತುತ್ತಿದ್ದ. ಭಾವ ಮೊಣಕಾಲೂರಿ ಪ್ರತಿಯೊಂದು ಕಾಲಿನ ಕೆಳಗೆ ಮೂರನೆಯ ಇಟ್ಟಿಗೆ ಇಡುತ್ತಿದ್ದರು.