ಗುಂಡಿಲ್ಲದ ಹೊಡೆತ

ಅವಳ ಬಲಗಾಲು ಜೀವಮಾನದಲ್ಲಿ ಸುಮ್ಮನೆ ಕೂತದ್ದೇ ಇಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ. ಇಪ್ಪತ್ತು ವರ್ಷದಿಂದ ಆ ಸೀಟು, ಆ ಬ್ರೇಕು ಅವಳದೇ. ಕಲಿಯುವವರು ಸ್ಟೇರಿಂಗ್ ಹಿಡಿದು ಬೆವರುವಾಗ ಅವಳ ಕಣ್ಣು ರಸ್ತೆಯ ಮೇಲೆ, ಕಿವಿ ಇಂಜಿನ್ನಿನ ಮೇಲೆ, ಕಾಲು ಬ್ರೇಕಿನ ಮೇಲೆ. ಸೈಕಲ್ಲು ಅಡ್ಡ ಬರುವ ಮೊದಲೇ, ಮಲಗಿದ ನಾಯಿ ಎದ್ದು ನಿಲ್ಲುವ ಮೊದಲೇ, ಆ ಕಾಲು ಒತ್ತಿಯಾಗಿರುತ್ತದೆ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಬ್ರೇಕ್ ಮೇಡಂ. ಅವಳಿಂದ ಕಲಿತವರು ಯಾರೂ ಯಾರಿಗೂ ಗುದ್ದಿದ್ದಿಲ್ಲ. ಹಾಗೆಯೇ, ಅವಳ ಪಕ್ಕ ಕೂತು ನೆಮ್ಮದಿಯಾಗಿ ಕಾರು ಓಡಿಸಿದವರೂ ಯಾರೂ ಇಲ್ಲ.

ಆ ಕಾಲಿಗೆ ಮನೆಗೆ ಬಂದ ಮೇಲೂ ರಜೆಯಿಲ್ಲ. ಗಂಡ ಒಲೆಯ ಮೇಲಿಂದ ಹಾಲಿನ ಪಾತ್ರೆ ಇಳಿಸಿದರೆ ಕಾಲು ನೆಲವನ್ನು ಒತ್ತುತ್ತದೆ. ಅತ್ತೆ ಮೆಟ್ಟಿಲಿಳಿದರೆ ಒತ್ತುತ್ತದೆ. ಟಿ.ವಿ.ಯಲ್ಲಿ ಯಾವನೋ ಕಾರು ತಿರುಗಿಸಿದರೂ ಒತ್ತುತ್ತದೆ. ಗಂಡನದು ಕನ್ನಡಕದ ಅಂಗಡಿ. ಕೂದಲೆಳೆಯಷ್ಟು ಸಣ್ಣ ಸ್ಕ್ರೂಗಳ ಜೊತೆ ದಿನ ಕಳೆಯುವ, ನಿಧಾನದ ಮನುಷ್ಯ. "ನಿನ್ನ ಪಕ್ಕ ಮಲಗೋದೂ ಒಂದೇ, ಸಿಟಿ ಬಸ್ಸಲ್ಲಿ ಮಲಗೋದೂ ಒಂದೇ ಕಣೇ" ಅಂತ ಅವನು ಗೊಣಗುತ್ತಿದ್ದ. ಸುಳ್ಳೇನಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುವ ಹೆಂಗಸು ಅವಳು. ಬೈದರೂ ಅವಸರ, ನಕ್ಕರೂ ಅವಸರ.

ಇಂಥವಳಿಗೆ ಪಿಸ್ತೂಲಿನ ಹುಚ್ಚು ಹಿಡಿದದ್ದು ನೋಡಿ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಅವಳ ಹತ್ತಿರ ಕಾರು ಕಲಿತ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಒಂದು ಭಾನುವಾರ "ಬಂದು ನೋಡಿ ಮೇಡಂ" ಎಂದು ಕರೆದಿದ್ದ. ಹಳೆಯ ಗೋದಾಮಿನೊಳಗೆ ಸಾಲಾಗಿ ಬೆಂಚು, ದೂರದಲ್ಲಿ ಅಂಗೈಯಗಲದ ಗುರಿಯ ಕಾಗದಗಳು, ನಟ್ಟನಡುವಿನ ಚುಕ್ಕೆಗೆ ಹತ್ತು ಅಂಕ. ಏರ್ ಪಿಸ್ತೂಲನ್ನು ಕೈಗೆ ಕೊಟ್ಟರು. ಹೊಡೆದಳು. ಎಲ್ಲಿಗೆ ತಾಗಿತೋ ಅವಳಿಗೆ ಗೊತ್ತಾಗಲಿಲ್ಲ, ಗೊತ್ತಾಗಬೇಕು ಅನ್ನಿಸಲೂ ಇಲ್ಲ. ಹೊಡೆಯುವ ಮುಂಚಿನ ಆ ಒಂದು ಕ್ಷಣ ತಲೆಯೊಳಗಿನ ಟ್ರಾಫಿಕ್ಕು ಪೂರಾ ನಿಂತುಹೋಗಿತ್ತು. ಅಂಥ ನಿಶ್ಶಬ್ದ ತನ್ನೊಳಗೂ ಇದೆ ಅಂತ ಅವಳಿಗೆ ನಲವತ್ತು ದಾಟುವವರೆಗೆ ಗೊತ್ತೇ ಇರಲಿಲ್ಲ. ಅದು ಮತ್ತೆ ಬೇಕು ಅನ್ನಿಸಿತು. ಆಮೇಲೆ ಪ್ರತಿ ಭಾನುವಾರವೂ ಬೇಕು ಅನ್ನಿಸಿತು.

ಕ್ಲಬ್ಬಿನಲ್ಲಿದ್ದ ಒಳ್ಳೆಯ ಪಿಸ್ತೂಲುಗಳು ಬೆರಳೆಣಿಕೆಯಷ್ಟು. ಒಂದೊಂದಕ್ಕೂ ಒಂದು ಲಾಕರು, ಒಂದು ಬೀಗದಕೈ. ಬೀಗದಕೈ ಇದ್ದವರು ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೂ ಒಯ್ಯಬಹುದು. ಗುಂಡು ಮಾತ್ರ ಒಂದೂ ಕ್ಲಬ್ಬಿನ ಬಾಗಿಲು ದಾಟುವಂತಿಲ್ಲ. ಕಷ್ಟಪಟ್ಟು ಅವಳೂ ಒಂದು ಲಾಕರು ಗಿಟ್ಟಿಸಿಕೊಂಡಿದ್ದಳು. ಆದರೆ ಅಲ್ಲಿ ಒಂದು ನಿಯಮವಿತ್ತು. ವರ್ಷಕ್ಕೊಮ್ಮೆ, ಲಾಕರಿನವರಲ್ಲಿ ಕಡಿಮೆ ಅಂಕದವರು ಕಾಯುವವರ ಪಟ್ಟಿಯ ಮೊದಲನೆಯವರ ಜೊತೆ ಪಂದ್ಯ ಆಡಬೇಕು. ಗೆದ್ದವರಿಗೆ ಪಿಸ್ತೂಲು. ಆ ವರ್ಷ ಕಡಿಮೆ ಅಂಕ ಬ್ರೇಕ್ ಮೇಡಂಗೆ. ಪಟ್ಟಿಯಲ್ಲಿ ಮೊದಲು ನಿಂತಿದ್ದವಳು ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಒಬ್ಬ ಹುಡುಗಿ. ಅವಳಿಗೆ ಕಾರು ಕಲಿಸಿದ್ದೂ ಇವಳೇ. ಗ್ರಹಚಾರ ಅಂದರೆ ಅದು.

ಅಂಕ ಯಾಕೆ ಕಡಿಮೆಯಾಯಿತು ಅನ್ನುವುದು ಕ್ಲಬ್ಬಿನ ಮೇಷ್ಟ್ರಿಗೆ ಗೊತ್ತಿತ್ತು. ಯಾರೇ ಬಂದರೂ ಮೊದಲು ಖಾಲಿ ಗೋಡೆಯ ಮುಂದೆ ನಿಲ್ಲಿಸುವ ಅವರಿಗೆ ಗೋಡೆ ಮೇಷ್ಟ್ರು ಅಂತಲೇ ಹೆಸರು. ಒಂದು ದಿನ ಅವಳ ಪಿಸ್ತೂಲನ್ನು ತಾವೇ ತೆಗೆದುಕೊಂಡು, ಬೆನ್ನು ತಿರುಗಿಸಿ ಏನೋ ಮಾಡಿ, ವಾಪಸು ಕೊಟ್ಟರು.

"ಗುಂಡು ಹಾಕಿದೀನೋ ಇಲ್ವೋ ಕೇಳಬೇಡಿ. ಹೊಡೀರಿ."

ಅವಳು ಟ್ರಿಗರ್ ಎಳೆದಳು. ಟಿಕ್ ಅಂದಿತು ಅಷ್ಟೆ. ಗುಂಡಿರಲಿಲ್ಲ. ಆದರೂ ನಳಿಗೆಯ ಮೂತಿ ಧೊಪ್ಪನೆ ಕೆಳಗೆ ಬಾಗಿತ್ತು. ಮೇಷ್ಟ್ರು ನಳಿಗೆಯನ್ನು ನೋಡುತ್ತಲೇ ಇರಲಿಲ್ಲ, ಅವಳ ಬಲಗಾಲಿನ ಬೂಟನ್ನು ನೋಡುತ್ತಿದ್ದರು.

"ಪಿಸ್ತೂಲಿಗೆ ಬ್ರೇಕ್ ಇರಲ್ಲಮ್ಮ" ಅಂದರು. "ಗುಂಡು ಹೊರಡೋ ಮೊದಲೇ ನೀವು ಹೊರಟುಬಿಡ್ತೀರಿ. ಏನೋ ಆಗಿಬಿಡುತ್ತೆ ಅಂತ ಮೈಯೆಲ್ಲ ಬಿಗೀತೀರಿ. ಕಾಲು ಒತ್ತುತ್ತೆ, ಕೈ ಬಾಗುತ್ತೆ."

"ಅದು ನನ್ನ ಹೊಟ್ಟೆಪಾಡು ಮೇಷ್ಟ್ರೇ. ಒತ್ತದೇ ಇದ್ರೆ ಇಷ್ಟು ಹೊತ್ತಿಗೆ ಎಷ್ಟು ಜನ ಆಸ್ಪತ್ರೆ ಸೇರ್ತಿದ್ರೋ."

"ಅಲ್ಲಿ ಒತ್ತಿ, ಯಾರು ಬೇಡ ಅಂದ್ರು? ಇಲ್ಲಿ ಒತ್ತಬೇಡಿ. ಇನ್ನು ಪಂದ್ಯದವರೆಗೆ ನಿಮಗೆ ಗುಂಡಿಲ್ಲ. ಮನೇಲಿ ಒಂದು ಬಿಳೀ ಗೋಡೆ ಹುಡುಕಿ. ಗುರಿ ಬೇಡ, ಚುಕ್ಕೆ ಕೂಡ ಬೇಡ. ಟ್ರಿಗರ್ ಬಿದ್ದಾಗ ಸೈಟು ಅಲ್ಲಾಡುತ್ತಾ, ಇಲ್ವಾ? ಅಷ್ಟು ನೋಡಿದ್ರೆ ಸಾಕು."

ಸೈಟು ಅಂದರೆ ನಳಿಗೆಯ ತುದಿಯಲ್ಲಿ ನಿಂತ ಚಿಕ್ಕ ಕರಿ ಗೂಟ. ಹಿಂದಿರುವ ಕಚ್ಚಿನ ನಡುವೆ ಅದನ್ನು ಕೂರಿಸಬೇಕು. ಗುರಿ ಎದುರಿಗಿದ್ದರೆ ಕಣ್ಣು ಅದರ ಹಿಂದೆ ಓಡುತ್ತದೆ. ಖಾಲಿ ಗೋಡೆಯಾದರೆ ಓಡುವುದಕ್ಕೆ ಜಾಗವಿಲ್ಲ, ಗೂಟವನ್ನು ನೋಡಲೇಬೇಕು.

ಬಿಳೀ ಗೋಡೆ ಹುಡುಕುವುದೇ ಒಂದು ಪಾಡಾಯಿತು. ಒಂದು ಗೋಡೆಗೆ ಕಪಾಟು, ಇನ್ನೊಂದಕ್ಕೆ ಫ್ರಿಜ್ಜು, ಮತ್ತೊಂದರ ತುಂಬ ಗಂಡ ಅಂಗಡಿಯಿಂದ ತಂದು ನೇತುಹಾಕಿದ ಕನ್ನಡಿಗಳು. ಉಳಿದದ್ದು ಅತ್ತೆಯ ಮಂಚದ ಎದುರಿನ ಗೋಡೆ ಒಂದೇ. ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಅವಳು ಅಲ್ಲಿ ನಿಂತಳು.

ಅತ್ತೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. "ನಾನೇನಮ್ಮಾ ಅಂಥ ತಪ್ಪು ಮಾಡಿದ್ದು?"

"ಖಾಲಿ ಇದೆ ಅತ್ತೆ. ಗುಂಡು ಈ ಮನೇಲೇ ಇಲ್ಲ."

"ಖಾಲಿ ಆದ್ರೆ ಯಾಕೆ ಹೊಡೀತೀಯ?"

ನಿಜ ಹೇಳಬೇಕೆಂದರೆ ಅವಳೂ ಅದನ್ನೇ ಕೇಳಿಕೊಳ್ಳುತ್ತಿದ್ದಳು. ಪಿಸ್ತೂಲಿನ ಪಕ್ಕದಲ್ಲಿ ಉಗುರಿನಷ್ಟು ಚಿಕ್ಕ ಲಿವರು. ಎಡಕ್ಕೆ ತಳ್ಳಿದರೆ ಟ್ರಿಗರ್ ಬರೀ ಟಿಕ್ ಅನ್ನುತ್ತದೆ, ಬಲಕ್ಕೆ ತಳ್ಳಿದರೆ ನಿಜವಾದ ಹೊಡೆತ. ಅದನ್ನು ಎಡಕ್ಕೆ ತಳ್ಳಿ, ಕೈ ಎತ್ತಿ, ಗೂಟ ನೋಡಿ, ಟಿಕ್. ಮತ್ತೆ ಟಿಕ್. ತೂತಿಲ್ಲ, ಅಂಕವಿಲ್ಲ, ಶಹಬ್ಬಾಸ್ ಅನ್ನುವವರಿಲ್ಲ. ಗೋಡೆ ನೋಡಿ ನೋಡಿ ತಲೆ ಚಿಟ್ಟು ಹಿಡಿಯಿತು. ಗ್ಯಾಸಿನ ಮೇಲೆ ಏನಿಟ್ಟಿದ್ದೇನೆ, ಇವತ್ತಿನ ಮೊದಲ ಕ್ಲಾಸು ಯಾರದು, ಕಾರಿನ ಹಿಂದಿನ ಟೈರಿಗೆ ಗಾಳಿ ಹಾಕಿಸಿದೆನೋ ಇಲ್ಲವೋ ಎಂದು ತಲೆ ಊರೆಲ್ಲ ಸುತ್ತಿ ಬರುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಮೇಷ್ಟ್ರ ಇನ್ನೊಂದು ಪಾಠ. ಕೈ ಎತ್ತು, ಸೈಟು ಕೂರಿಸು, ಬೆರಳು ಟ್ರಿಗರಿನ ಮೇಲಿಡು, ಆಮೇಲೆ ಹೊಡೆಯದೇ ಕೈ ಇಳಿಸು. ಮನಸ್ಸು ಅಳ್ಳಕವಾಯಿತು ಅನ್ನಿಸಿದರೆ ಹೊಡೆತವನ್ನು ಬಿಟ್ಟುಬಿಡುವುದನ್ನೂ ಕೈ ಕಲಿಯಬೇಕಂತೆ. ಇದು ಅವಳಿಗೆ ಶುದ್ಧ ವಿಷ. ಎತ್ತಿದ ಮೇಲೆ ಇಳಿಸುವುದೇ? ಮೂರು ಸಲ ಇಳಿಸಿದರೆ ನಾಲ್ಕನೇ ಸಲ ಸಿಟ್ಟಿನಿಂದ ಎಳೆದೇಬಿಡುತ್ತಿದ್ದಳು.

ಅವಳನ್ನು ಕಾಪಾಡಿದ್ದು ಅತ್ತೆ. ಆ ಮುದುಕಿಗೆ ಕಣ್ಣು ಮಂಜಾದರೂ ಕಿವಿ ಚುರುಕು. ಎರಡು ವಾರ ಮಂಚದ ಮೇಲಿಂದ ಟಿಕ್ ಟಿಕ್ ಕೇಳಿದ ಮೇಲೆ ಒಂದು ದಿನ ತಾವಾಗಿಯೇ ಅಂದರು, "ಈ ಸಲ ಹಿಮ್ಮಡಿ ಕುಟ್ಟಿದೆ."

"ಏನತ್ತೆ?"

"ಟಿಕ್ ಅನ್ನೋದಕ್ಕೆ ಮುಂಚೆ ನಿನ್ನ ಹಿಮ್ಮಡಿ ನೆಲಕ್ಕೆ ಕುಟ್ಟುತ್ತೆ. ನನ್ನ ಮಂಚಾನೂ ಅಲ್ಲಾಡುತ್ತೆ. ಇನ್ನೊಂದು ಹೊಡಿ."

ಅಲ್ಲಿಂದ ಅತ್ತೆಯದೇ ದರ್ಬಾರು. "ಕುಟ್ಟಿತು." "ಕುಟ್ಟಿತು." "ಇದು ಪರವಾಗಿಲ್ಲ." "ಅಯ್ಯೋ, ಇದು ಲಾರಿ ನಿಲ್ಲಿಸೋ ಹಾಗೆ ಕುಟ್ಟಿತಲ್ಲೇ." ಗಂಡ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಪಿಸ್ತೂಲು ಹೋದರೆ ಆ ನಿಶ್ಶಬ್ದವೂ ಹೋಗುತ್ತದೆ. ಅದಿಲ್ಲದ ಭಾನುವಾರಗಳನ್ನು ನೆನೆಸಿಕೊಂಡು ಅವಳು ಮತ್ತೆ ಕೈ ಎತ್ತುತ್ತಿದ್ದಳು. ಪಂದ್ಯದ ಹಿಂದಿನ ದಿನದವರೆಗೂ ಅತ್ತೆಯ ಬಾಯಿಂದ "ಕುಟ್ಟಿತು" ಅನ್ನುವುದು ಪೂರ್ತಿ ನಿಲ್ಲಲಿಲ್ಲ.

ಪಂದ್ಯದ ದಿನ ಬ್ಯಾಂಕಿನ ಹುಡುಗಿ ಬಂದು "ನಮಸ್ತೆ ಮೇಡಂ" ಅಂದಳು. ಇವಳೂ ನಮಸ್ತೆ ಅಂದಳು. ಇಬ್ಬರ ಅಂಗೈಯೂ ಒದ್ದೆ. ಕಾರ್ಯದರ್ಶಿ "ಶುರು" ಅಂದಾಗ ಇಬ್ಬರೂ ಒಂದೊಂದು ಗುಂಡು ಹೊಡೆಯಬೇಕು. "ನಿಲ್ಲಿಸಿ" ಅನ್ನುವುದರೊಳಗೆ ಅದು ಹೋಗಿರಬೇಕು. ಹೀಗೇ ಕೊನೆಯವರೆಗೆ.

ಎರಡು ಹೊಡೆತದ ನಡುವೆ ಲಿವರು ಎಡಕ್ಕೆ ತಳ್ಳಿ ಒಂದು ಖಾಲಿ ಟಿಕ್ ಹೊಡೆದುಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಅವಳು ಹಾಗೇ ಮಾಡಿದಳು. ಒಂದು ಖಾಲಿ, ಒಂದು ನಿಜ. ಕೈ ಚೆನ್ನಾಗಿಯೇ ನಡೆಯಿತು. ಒಮ್ಮೆ ಅವಳು ಮುಂದೆ, ಒಮ್ಮೆ ಹುಡುಗಿ ಮುಂದೆ. ಕೊನೆಯ ಗುಂಡಿನ ಹೊತ್ತಿಗೆ ಇಬ್ಬರ ಅಂಕವೂ ಸಮ.

"ಶುರು."

ಹುಡುಗಿ ಬೇಗ ಹೊಡೆದಳು. ಹಿಂದಿನ ಬೆಂಚಿನಿಂದ ಯಾರೋ "ಒಂಬತ್ತು" ಅಂದದ್ದು ಕೇಳಿಸಿತು. ಬ್ರೇಕ್ ಮೇಡಂ ಕೈ ಎತ್ತಿದಳು. ಕರಿ ಗೂಟ ಕಚ್ಚಿನೊಳಗೆ ಕೂತಿತು. ಗೋದಾಮು, ಹುಡುಗಿ, ಬೀಗದಕೈ ಎಲ್ಲ ದೂರ ಸರಿದವು. ಬೆರಳು ಒತ್ತುತ್ತ ಹೋಯಿತು. ಟ್ರಿಗರ್ ಯಾವಾಗ ಬಿತ್ತೋ ಅವಳಿಗೇ ತಿಳಿಯಲಿಲ್ಲ.

ಟಿಕ್.

ಗೂಟ ಕೂತಲ್ಲಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ. ಕಾಲು ನೆಲದ ಮೇಲೆ ಸುಮ್ಮನೆ, ಯಾರದೋ ಕಾಲಿನಂತೆ ಇತ್ತು. ಇಷ್ಟು ವರ್ಷ ಹೊಡೆದದ್ದರಲ್ಲೆಲ್ಲ ಅದರಷ್ಟು ಒಳ್ಳೆಯ ಹೊಡೆತ ಇನ್ನೊಂದಿರಲಿಲ್ಲ. ಆದರೆ ಗುಂಡು ನಳಿಗೆಯಲ್ಲೇ ಉಳಿದಿತ್ತು. ಲಿವರನ್ನು ಬಲಕ್ಕೆ ತಳ್ಳುವುದನ್ನೇ ಅವಳು ಮರೆತಿದ್ದಳು.

ಹೊತ್ತು ಇನ್ನೂ ಇತ್ತು. ಕೈ ಇಳಿಸಿ, ಒಂದು ಉಸಿರು ತೆಗೆದುಕೊಂಡು, ಮತ್ತೆ ಎತ್ತುವಷ್ಟು ಇತ್ತು. ಆದರೆ ಅವಳ ಎದೆ ಖುಷಿಯಿಂದ ಡವಡವ ಹೊಡೆದುಕೊಳ್ಳುತ್ತಿತ್ತು. ಬಂತು, ಬಂತು, ಈಗಲೇ ಹಿಡಿದುಕೊಳ್ಳಬೇಕು! ಲಿವರು ತಳ್ಳಿ, ಟ್ರಿಗರನ್ನು ಮತ್ತೆ ಹೂಡಿ, ಎತ್ತಿದವಳೇ ಹೊಡೆದುಬಿಟ್ಟಳು. ಹಿಮ್ಮಡಿ ನೆಲಕ್ಕೆ ಕುಟ್ಟಿದ್ದು ಅವಳಿಗೇ ಕೇಳಿಸಿತು.

ಎಂಟು.

ಅವಳು ಕಾರ್ಯದರ್ಶಿಯ ಕಡೆ ತಿರುಗಿದಳು. "ಮೊದಲನೇದು ಹತ್ತಕ್ಕೆ ಹೋಗ್ತಿತ್ತು. ಸೈಟು ಅಲ್ಲಾಡಲೇ ಇಲ್ಲ. ನಾನು ಕಣ್ಣಾರೆ ನೋಡಿದೆ."

"ತೂತು ಎಲ್ಲಿದೆ ಮೇಡಂ?" ಅಂದ ಅವನು, ಪಾಪ, ಮೆತ್ತಗೇ.

ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು, ತನ್ನ ಮೇಲೆಯೇ. ಮುಖ ತೊಳೆದು ಹೊರಗೆ ಬಂದಾಗ ಗೋಡೆ ಮೇಷ್ಟ್ರು ಬಾಗಿಲ ಬಳಿ ನಿಂತಿದ್ದರು.

"ಆ ಖಾಲಿ ಹೊಡೆತ ನಾನೂ ನೋಡಿದೆ" ಅಂದರು.

"ಕಾಲು?"

"ಕಾಲನ್ನೇ ನೋಡಿದ್ದು. ಮಿಸುಕಲಿಲ್ಲ."

"ಹಾಗಾದ್ರೆ ಬಂತಾ ಮೇಷ್ಟ್ರೇ ನನಗೆ?"

"ಬಂತಮ್ಮ" ಅಂದರು ಮೇಷ್ಟ್ರು. "ನಿಮಗೆ ಅದು ಬಂತು, ಪಿಸ್ತೂಲು ಹೋಯ್ತು."

ಅವಳು ಬೆಂಚಿಗೆ ಹೋಗಿ ಪಿಸ್ತೂಲನ್ನು ಒರೆಸಿದಳು. ಪೆಟ್ಟಿಗೆಯಲ್ಲಿಡುವ ಮುಂಚೆ ಬ್ಯಾಂಕಿನ ಹುಡುಗಿಯನ್ನು ಹತ್ತಿರ ಕರೆದಳು. ಹುಡುಗಿ ತಲೆ ತಗ್ಗಿಸಿ ನಿಂತಳು, ತಪ್ಪು ಗೇರು ಹಾಕಿ ಸಿಕ್ಕಿಬಿದ್ದವಳ ಹಾಗೆ.

"ಇಲ್ಲಿ ನೋಡು. ಲಿವರು ಎಡಕ್ಕಿದ್ರೆ ಖಾಲಿ. ಬಲಕ್ಕಿದ್ರೆ ನಿಜ. ಪ್ರತಿ ಸಲ ಬೆರಳಿಟ್ಟು ನೋಡ್ಕೋ. ಕಣ್ಣನ್ನ ನಂಬಬೇಡ." ಬೀಗದಕೈಯನ್ನು ಹುಡುಗಿಯ ಅಂಗೈಗೆ ಹಾಕಿ, ಅವಳ ಬೆರಳುಗಳನ್ನು ತಾನೇ ಮಡಿಸಿದಳು.

ಆಮೇಲೆ ಕಾರ್ಯದರ್ಶಿಯ ಮೇಜಿನ ಮುಂದೆ ಹೋಗಿ ನಿಂತು, ಕಾಯುವವರ ಪಟ್ಟಿಗೆ ತನ್ನ ಹೆಸರು ಬರೆದುಕೊಳ್ಳಲು ಹೇಳಿದಳು.

"ಕೊನೇಲಿ ಬರ್ತೀರಿ ಮೇಡಂ. ವರ್ಷಗಳೇ ಹಿಡೀಬಹುದು."

"ಹಿಡೀಲಿ" ಅಂದಳು ಬ್ರೇಕ್ ಮೇಡಂ. "ಬರ್ಕೊಳ್ಳಿ."