ಭೋಗ್ಯಕ್ಕೆ ಹಿಡಿದ ಸಾಲುಮನೆ

ಹೋದ ತಿಂಗಳು ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಮನೆ ನೋಡಲು ಹೋಗಿದ್ದೆ. ಕೊಂಡು ಬಾಡಿಗೆಗೆ ಕೊಡುವ ಯೋಚನೆ. ಬ್ರೋಕರ್ ಬಾಗಿಲು ತೆಗೆದ ಕೂಡಲೇ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಮಾರುವ ಮುಂಚೆ ಸುಣ್ಣ ಹೊಡೆದಿದ್ದಾರೆ ಅಂದರೆ ಗೋಡೆಗೆ ಏನೋ ಆಗಿದೆ ಎಂದೇ ಅರ್ಥ, ಎನ್ನುತ್ತಿದ್ದ ಹಳೆಯ ನೆರೆಮನೆಯವರೊಬ್ಬರು ನೆನಪಾಗಿ ಹೊಸ್ತಿಲಲ್ಲೇ ನಿಂತುಬಿಟ್ಟೆ...

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ನಾನು ಶಾಲೆಯಲ್ಲಿ ಟೀಚರ್. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದವರು ನರ್ಸ್ ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಗಂಡ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಜೀವನವಿಡೀ ಬಾಡಿಗೆ ಕಟ್ಟಿದವರಿಗೆ, ಇನ್ನು ಮೇಲೆ ಬಾಡಿಗೆ ತನ್ನ ಕೈಗೆ ಬರಬೇಕು ಎಂಬ ಹಠ.

ಭಾನುವಾರ ಬಂತೆಂದರೆ ನನ್ನನ್ನೂ ಎಳೆದುಕೊಂಡು ಮನೆ ನೋಡಲು ಹೊರಡುತ್ತಿದ್ದರು. ಬೀರುವಿನ ಹಿಂದೆ ಕೈ ಹಾಕಿ ಗೋಡೆ ಒತ್ತುವರು, ನಲ್ಲಿ ತಿರುಗಿಸುವರು, ಚರಂಡಿ ಯಾವ ಕಡೆ ಹರಿಯುತ್ತದೆಂದು ಬಗ್ಗಿ ನೋಡುವರು. ಮನೆಯವರನ್ನು ಬಿಟ್ಟು ಅಕ್ಕಪಕ್ಕದವರನ್ನೇ ಮಾತಾಡಿಸುವರು. ಹಿಂದಿದ್ದವರು ಯಾಕೆ ಖಾಲಿ ಮಾಡಿದರು ಎಂದು ತಿಳಿಯದೆ ಅವರು ಅಲ್ಲಿಂದ ಕದಲುತ್ತಿರಲಿಲ್ಲ. ವರ್ಷಕ್ಕೆ ಹತ್ತು ತಿಂಗಳ ಬಾಡಿಗೆ ಮಾತ್ರ ಲೆಕ್ಕಕ್ಕೆ ಹಿಡಿಯಬೇಕಂತೆ; ಉಳಿದೆರಡು ತಿಂಗಳದ್ದು ರಿಪೇರಿಗೋ ಖಾಲಿ ಬಿದ್ದಿರುವುದಕ್ಕೋ ಹೋಗುತ್ತದಂತೆ.

ಕೊನೆಗೆ ಓಲ್ಡ್ ಟೌನಿನಲ್ಲಿ ನಾಲ್ಕು ಮನೆಗಳ ಒಂದು ಸಾಲು ಅವರ ಮನಸ್ಸಿಗೆ ಬಂತು. ಒಬ್ಬ ಸಾಹುಕಾರನದು. ಕಾರ್ಖಾನೆಗೆ ಹೋಗುವ ಕಂಟ್ರಾಕ್ಟ್ ಕೆಲಸಗಾರರು ಅಲ್ಲಿ ಬಾಡಿಗೆಗಿದ್ದರು. ನಿವೃತ್ತಿಯ ಹಣ ಅರ್ಧ ಬೆಲೆಗೆ ಸಾಲುತ್ತಿತ್ತು. ಉಳಿದದ್ದಕ್ಕೆ ಸಾಲ ಕೇಳಲು ಶಿವಮೊಗ್ಗದ ಒಂದು ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಯಜಮಾನರನ್ನು ಕರೆತನ್ನಿ ಎಂದರು. ಯಜಮಾನರಿಲ್ಲ ಎಂದರೆ ಮಗನನ್ನು ಕೇಳಿದರು. ಬಾಡಿಗೆಯಿಂದಲೇ ಕಂತು ತೀರುತ್ತದೆ ಎಂದು ಅಕ್ಕ ಬಿಡಿಸಿ ಹೇಳಿದರು. ಆದಾಯ ಅಂದರೆ ಸಂಬಳ, ಬಾಡಿಗೆಯನ್ನು ನಂಬಿ ಸಾಲ ಕೊಡಲಾಗದು ಎಂದರು ಮ್ಯಾನೇಜರ್. ನನಗೆ ಮೈಯೆಲ್ಲ ಉರಿಯಿತು. ಮತ್ತೆ ಮತ್ತೆ ಬಸ್ಸು ಹತ್ತಿ ಹೋದೆವು, ಅದೇ ಬೆಂಚು, ಅದೇ ಉತ್ತರ.

ಒಂದು ದಿನ ಅಕ್ಕ ನಗುತ್ತಾ ಬಂದರು. ಕೊಳ್ಳುವುದು ಬಿಟ್ಟು ಸಾಲುಮನೆಯನ್ನು ಭೋಗ್ಯಕ್ಕೆ ಹಿಡಿದಿದ್ದರು. ಕೈಲಿದ್ದಷ್ಟೂ ಹಣ ಒಟ್ಟಿಗೆ ಸಾಹುಕಾರನಿಗೆ ಕೊಟ್ಟು, ಅವಧಿ ಮುಗಿಯುವ ತನಕ ಬಾಡಿಗೆ ತಾವು ತೆಗೆದುಕೊಳ್ಳುವುದು. ಆಮೇಲೆ ಅವನು ಹಣ ಹಿಂದಿರುಗಿಸುವುದು. ರಿಜಿಸ್ಟರ್ ಮಾಡಿಸಿದಿರಾ ಎಂದು ಕೇಳಿದೆ. ಛಾಪಾ ಕಾಗದ ಸಾಕೆಂದು ಸಾಹುಕಾರ ಹೇಳಿದನಂತೆ.

ಅಲ್ಲಿದ್ದ ಬಾಡಿಗೆದಾರರು ತಮ್ಮ ಅಡ್ವಾನ್ಸನ್ನು ಸಾಹುಕಾರನಿಂದ ವಾಪಸ್ ಪಡೆದು ಅಕ್ಕನ ಕೈಗೆ ಕೊಟ್ಟರು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಒಂದು ಮನೆ ಖಾಲಿಯಾದಾಗ ಅಡ್ವಾನ್ಸ್ ಕಡಿಮೆ ಮಾಡಿ ತೆಲುಗಿನ ವೆಲ್ಡರ್ ಒಬ್ಬನ ಸಂಸಾರವನ್ನು ಇರಿಸಿಕೊಂಡರು. ಅವನ ಹೆಂಡತಿಯ ಬಾಣಂತನವನ್ನೂ ಅಕ್ಕನೇ ನೋಡಿಕೊಂಡರು. ಒಂದು ಬೆಳಿಗ್ಗೆ ಯಾರೋ ಜೀಪಿನಲ್ಲಿ ಬಂದು, ಈ ಕಟ್ಟಡ ತಮ್ಮದೆಂದರು. ಸಾಹುಕಾರ ಅದನ್ನು ಭೋಗ್ಯಕ್ಕೂ ಮೊದಲೇ ಅವರಲ್ಲಿ ಅಡವಿಟ್ಟಿದ್ದ. ಸಾಲ ತೀರಿಸಲಾಗದೆ ಅವರಿಗೇ ಕ್ರಯ ಮಾಡಿಕೊಟ್ಟು ಊರು ಬಿಟ್ಟಿದ್ದ.

ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಗೋಡೆ, ನಲ್ಲಿ, ಚರಂಡಿ, ನೆರೆಹೊರೆ ಎಲ್ಲವನ್ನೂ ಪರೀಕ್ಷೆ ಮಾಡಿದ ಹೆಂಗಸು ಸಾಹುಕಾರನನ್ನು ಮಾತ್ರ ಹಾಗೇ ನಂಬಿಬಿಟ್ಟರು. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರೆ ಅವರ ವಕೀಲರೇ ಪತ್ರಗಳನ್ನು ಜಾಲಾಡುತ್ತಿದ್ದರು, ಅಡಮಾನ ಅಂದೇ ಬಯಲಾಗುತ್ತಿತ್ತು. ಬಾಗಿಲಿಗೆ ಬಂದವರನ್ನು ಅಟ್ಟಿದ ಬ್ಯಾಂಕಿನವರ ಮೇಲೆ ರೇಗಬೇಕೋ, ಪತ್ರ ಕೇಳದೆ ಹಣ ಎಣಿಸಿಕೊಟ್ಟ ಅಕ್ಕನ ಮೇಲೋ...

ಅದಕ್ಕಿಂತ ರೇಗಿಸಿದ್ದು ಮುಂದಿನ ವಾರ ನಡೆದದ್ದು. ಅಕ್ಕ ತಮ್ಮ ಬಳೆಗಳನ್ನು ಮಾರಿ, ಸಾಲುಮನೆಗೆ ಹೋಗಿ, ನಾಲ್ಕೂ ಮನೆಯವರಿಗೆ ಅವರವರ ಅಡ್ವಾನ್ಸ್ ಕೈಗಿಟ್ಟು ಬಂದರು. ಇನ್ನು ಬಾಡಿಗೆಯನ್ನು ಹೊಸಬರಿಗೆ ಕೊಡಿ, ಜಗಳಕ್ಕೆ ಹೋಗಿ ಬೀದಿಗೆ ಬೀಳಬೇಡಿ ಎಂದರಂತೆ. ನಾನು ಕೂಗಾಡಿದೆ.

"ನಿಮ್ಮ ದುಡ್ಡು ಯಾರು ಕೊಟ್ರು ಅಕ್ಕ? ನೀವ್ಯಾಕೆ ಕೊಡ್ಬೇಕು?"

ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಅವರ ಹತ್ರ ಅಡ್ವಾನ್ಸ್ ಇಸ್ಕೊಂಡಿದ್ದು ನಾನು ಮಾರಾಯ್ತಿ. ಸಾಹುಕಾರ ಅಲ್ಲ."

ಸಾಹುಕಾರನ ಮೇಲೆ ಕೇಸು ಹಾಕಿಸಿದೆ. ವಾಯಿದೆ ಮೇಲೆ ವಾಯಿದೆ ಬಿತ್ತು. ವಕೀಲರು ಬದಲಾದರು, ಅಕ್ಕನ ಮಂಡಿ ನೋವು ಹೆಚ್ಚಾಯಿತು, ಕೋರ್ಟಿನ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ತೀರ್ಪು ಬರುವ ಮುಂಚೆ, ಜನ್ನಾಪುರದ ಅದೇ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ನಡೆಸುವವರಿಲ್ಲದೆ ಕೇಸೂ ಬಿದ್ದುಹೋಯಿತು.

ವಿದ್ಯಾನಗರದ ಮನೆ ನಾನು ಕೊಳ್ಳಲಿಲ್ಲ. ಮೊನ್ನೆ ಸಂತೆಯಲ್ಲಿ ಆ ವೆಲ್ಡರನ ಹೆಂಡತಿ ಸಿಕ್ಕಿದಳು, ಕೂದಲು ನೆರೆತಿದೆ. ಜೊತೆಗೆ ಎತ್ತರಕ್ಕೆ ಬೆಳೆದ ಮಗಳಿದ್ದಳು. "ಟೀಚರೇ, ನಮ್ ಓನರಮ್ಮನ ಫೋಟೋ ಇದ್ರೆ ಒಂದು ಕೊಡಿ. ಇವಳನ್ನ ಮೊದಲು ಎತ್ಕೊಂಡಿದ್ದೇ ಅವರು" ಎಂದಳು. ತನ್ನ ಹೆಸರಿನಲ್ಲಿ ಒಂದು ಇಟ್ಟಿಗೆಯೂ ಇಲ್ಲದೆ ಹೋದವರನ್ನು ಅವಳು ಇಷ್ಟು ವರ್ಷವೂ ಹಾಗೇ ಕರೆಯುತ್ತಿದ್ದಾಳೆ. ಮನೆಗೆ ಬಂದು ಹಳೆಯ ಆಲ್ಬಮ್ಮುಗಳನ್ನೆಲ್ಲ ತಡಕಿದೆ. ಅಕ್ಕನದು ಒಂದೂ ಇರಲಿಲ್ಲ.